ಇಬ್ಬರಿಲ್ಲದೆ ಆಗದ ಕೆಲಸ

ವಯಸ್ಸಾದವರ ಮಾತು ಬಂದಾಗ ನಮ್ಮ ಕಡೆ ತಪ್ಪದೆ ಕೇಳಿಬರುವ ಒಂದು ವಾಕ್ಯವಿದೆ: ಹಿಂದೆಲ್ಲ ಮನೆಯವರೇ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳುತ್ತಿದ್ದರು ಎಂಬುದನ್ನು ಒಪ್ಪೋಣ. ಆದರೆ ಈ 'ಮನೆಯವರು' ಯಾರು? ಕನ್ನಡದಲ್ಲಿ ಇದೊಂದು ವಿಚಿತ್ರ ಬಹುವಚನ. ಗಂಡಸು 'ನಮ್ಮ ಮನೆಯವರು' ಎಂದರೆ ಹೆಂಡತಿ ಎಂದೇ ಅರ್ಥ. ಹತ್ತು ಜನರಿದ್ದ ಮನೆಯೆಂದು ಕೇಳಿಸುವ ಮಾತು ಕೊನೆಗೆ ಒಬ್ಬಳ ಹೆಗಲ ಮೇಲೆ ಬಂದು ನಿಲ್ಲುತ್ತದೆ. ಬಂಟ್ವಾಳ ತಾಲೂಕಿನ ವಾಮದಪದವಿನಲ್ಲಿ ನಿಂತು ಪೂರ್ವಕ್ಕೆ ಬೆಳ್ತಂಗಡಿ, ಉತ್ತರಕ್ಕೆ ಮೂಡುಬಿದಿರೆಯ ಕಡೆ ನೋಡಿದರೆ ಕಾಣುವ ಈ ಸೀಮೆಯಲ್ಲಿ ಮುದುಕರ ಆರೈಕೆಯ ಚರಿತ್ರೆಯೆಂದರೆ ಆ ಬಹುವಚನ ಏಕವಚನವಾದ ಕಥೆ. ಮಕ್ಕಳ ಮನಸ್ಸು ಕಲ್ಲಾಯಿತು, ಕಾಲ ಕೆಟ್ಟಿತು ಎಂಬ ವಿವರಣೆ ಸುಲಭದ್ದು. ಇಲ್ಲಿಯ ಆರೈಕೆಗೆ ಆಧಾರವಾಗಿದ್ದುದು ಆಸ್ತಿಯ ಹಕ್ಕು ಮತ್ತು ಸಾಕಷ್ಟು ಕೈಗಳಿದ್ದ ಒಂದು ಏರ್ಪಾಡು. ಆ ಏರ್ಪಾಡು ಕಾನೂನಿನಿಂದ, ವಲಸೆಯಿಂದ, ಕೂಲಿಯ ಲೆಕ್ಕದಿಂದ ಒಂದೊಂದೇ ಕೊಂಡಿ ಕಳಚಿಕೊಂಡಿತು. ಪ್ರೀತಿ ಎಲ್ಲಿತ್ತೋ ಅಲ್ಲೇ ಇದೆ ಎಂಬುದು ಈ ಬರಹದ ವಾದ.

ಊರಿನ ಹೆಸರಿನಿಂದಲೇ ತೊಡಗಬಹುದು. ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು. ಮಳೆಗಾಲದಲ್ಲಿ ಹಸಿರು, ಉಳಿದಂತೆ ಬರಡು. ಜನ ವಾಸಿಸಿದ್ದು ಪದವಿನ ಮೇಲಲ್ಲ, ಅದರ ಬದಿಯ ಇಳಿಜಾರುಗಳಲ್ಲಿ, ಬೈಲು, ಮಜಲು, ಬೆಟ್ಟು ಗದ್ದೆಗಳ ಅಂಚಿನಲ್ಲಿ. ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿದ ಊರು ತುಳುನಾಡಿನಲ್ಲಿಲ್ಲ. ಒಂದೊಂದು ಮನೆ ತನ್ನ ಗದ್ದೆ, ಅಡಿಕೆ ತೋಟ, ಬಾವಿಯ ನಡುವೆ ಒಂಟಿಯಾಗಿ ನಿಂತಿರುತ್ತದೆ. ಮನೆ ತುಂಬ ಜನರಿದ್ದಾಗ ಇದೊಂದು ಸಂಗತಿಯೇ ಆಗಿರಲಿಲ್ಲ. ಜನ ಖಾಲಿಯಾದ ಮೇಲೆ, ಹಾಸಿಗೆ ಹಿಡಿದವರೊಬ್ಬರನ್ನು ಎತ್ತಿ ಕೂರಿಸಲು ಇನ್ನೊಂದು ಕೈ ಬೇಕೆಂದರೆ ಮುಕ್ಕಾಲು ಫರ್ಲಾಂಗು ತೋಟ ದಾಟಿ ಕೂಗಬೇಕಾಯಿತು. ಈ ಕಥೆಯಲ್ಲಿ ಭೂಗೋಳಕ್ಕೂ ಒಂದು ಪಾಲಿದೆ.

ಈ ಕೆಲಸಕ್ಕೆ ನಮ್ಮಲ್ಲಿ ಮೂರು ಹೆಸರುಗಳಿವೆ. ಮನೆಯೊಳಗೆ ಇದು 'ಚಾಕರಿ': ಅತ್ತೆಯ ಚಾಕರಿ ಮಾಡಿದಳು, ಕೊನೆಗಾಲದಲ್ಲಿ ಮಾವನ ಚಾಕರಿ ಮಾಡಿದಳು. ಆಸ್ಪತ್ರೆಗೆ ಹೋದರೆ ಅದೇ 'ಶುಶ್ರೂಷೆ'. ಪತ್ರಿಕೆಗಳಲ್ಲಿ 'ಆರೈಕೆ'. ಚಾಕರಿ ಎನ್ನುವಾಗ ಆಳುತನದ ವಾಸನೆ ಬರುತ್ತದೆ. ಕಲಿಕೆಯ ಸುಳಿವೇ ಅದರಲ್ಲಿಲ್ಲ. ಉಳಿದೆರಡು ಪದಗಳ ಬೇರು ನೋಡಿದರೆ ಚಿತ್ರ ಬೇರೆ. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳಿಸಿಕೊಳ್ಳುವ ಬಯಕೆ. ಹಳಗನ್ನಡದ 'ಆರಯ್' ಎಂದರೆ ಹುಡುಕಿ ನೋಡು, ವಿಚಾರಿಸು. ಎರಡೂ ಗಮನಕ್ಕೆ ಸಂಬಂಧಿಸಿದ ಮಾತುಗಳು, ಅಂದರೆ ಬುದ್ಧಿಯ ಕೆಲಸಗಳು. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ, ಕೈಯ ದಕ್ಷತೆ, ರೋಗಿಯ ಮೇಲೆ ಪ್ರೀತಿ, ಶುಚಿತ್ವ. ಎಣಿಕೆಯ ಕ್ರಮ ಗಮನಾರ್ಹ: ಪ್ರೀತಿ ಮೂರನೆಯದು. ತಿಳಿವಳಿಕೆ, ದಕ್ಷತೆ ಮೊದಲು ಬಂದಿವೆ. ಕ್ರಮಕ್ಕೆ ಇಷ್ಟು ಅರ್ಥ ಹಚ್ಚುವುದು ಅತಿಯಾಯಿತೆಂದು ಯಾರಾದರೂ ಹೇಳಬಹುದು. ಇರಲಿ, ಪ್ರೀತಿಯೊಂದಿದ್ದರೆ ಸಾಕೆಂದು ಆ ಗ್ರಂಥ ಎಣಿಸಲಿಲ್ಲ ಎಂಬಷ್ಟಾದರೂ ಖಚಿತ.

ಇದಕ್ಕಿಂತ ವಿವರವಾದ ದಾಖಲೆಯೊಂದು ಈ ಸೀಮೆಯ ಧಾರ್ಮಿಕ ಪರಂಪರೆಯೊಳಗೇ ಇದೆ. ಶುಶ್ರೂಷೆಯ ಚರಿತ್ರೆ ಬರೆಯುವವರ ಕಣ್ಣು ಅತ್ತ ಹೊರಳುವುದು ಅಪರೂಪ. 1430ರ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆ, 1604ರಲ್ಲಿ ತಿಮ್ಮಣ್ಣ ಅಜಿಲ ಗೊಮ್ಮಟನನ್ನು ನಿಲ್ಲಿಸಿದ ವೇಣೂರು, ಎರಡೂ ವಾಮದಪದವಿನ ನೆರೆಯ ಊರುಗಳು. ಈ ಜೈನ ಪರಂಪರೆ ಗೌರವಿಸುವ ಪ್ರಾಕೃತ ಗ್ರಂಥ ಶಿವಾರ್ಯನ 'ಭಗವತೀ ಆರಾಧನಾ'. ಕನ್ನಡದ 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳ ಬೇರೂ ಅದೇ ಆರಾಧನಾ ಪರಂಪರೆಯಲ್ಲಿದೆ. ಸಲ್ಲೇಖನ ಕೈಗೊಂಡ ಮುನಿ, ಅವರ ಮಾತಿನಲ್ಲಿ ಕ್ಷಪಕ, ದಿನದಿನಕ್ಕೆ ಬಡವಾಗುವ ದೇಹದವನು. ಅವನ ಪಕ್ಕದಲ್ಲಿರಬೇಕಾದವರು ನಿರ್ಯಾಪಕರು. ಅವರ ಸಂಖ್ಯೆ ನಲವತ್ತೆಂಟು ಎಂದು ಗ್ರಂಥ ಹೇಳುತ್ತದೆ, ನಾಲ್ಕು ನಾಲ್ಕು ಜನರ ತಂಡಗಳಾಗಿ. ನಾಲ್ವರು ಕ್ಷಪಕನನ್ನು ಏಳಿಸಿ, ಕೂರಿಸಿ, ಮಲಗಿಸಿ, ಮಗ್ಗುಲು ಬದಲಾಯಿಸಿ, ಮೈಕೈ ನೀವುವವರು. ನಾಲ್ವರು ಆಹಾರಕ್ಕೆ, ನಾಲ್ವರು ಪಾನಕ್ಕೆ. ನಾಲ್ವರು ಮಲಮೂತ್ರ ತೆಗೆದು ಹಾಸನ್ನೂ ಜಾಗವನ್ನೂ ಶುಚಿ ಮಾಡುವವರು. ನಾಲ್ವರು ಧರ್ಮದ ಮಾತು ಹೇಳುವವರು, ನಾಲ್ವರು ರಾತ್ರಿ ಎಚ್ಚರ ಇರುವವರು, ನಾಲ್ವರು ಬಾಗಿಲಲ್ಲಿ ನಿಂತು ಬಂದವರನ್ನು ತಡೆಯುವವರು. ಇಂದಿನ ಆಸ್ಪತ್ರೆಯ ಡ್ಯೂಟಿ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಬಟ್ಟೆಯದು ಮಾತ್ರ ಎನಿಸುವಷ್ಟು ಇದು ವ್ಯವಸ್ಥಿತ. ಕಾಲ ಕೆಟ್ಟು ಇಷ್ಟು ಜನ ಸಿಗದಿದ್ದರೆ ಸಂಖ್ಯೆ ಇಳಿಸಬಹುದು, ನಲವತ್ತನಾಲ್ಕು, ನಲವತ್ತು, ಹೀಗೆ ಇಳಿಯುತ್ತ ಕೊನೆಗೆ ಇಬ್ಬರು. ಒಬ್ಬನೇ ನಿರ್ಯಾಪಕ ಸಲ್ಲದು. ಕಾರಣವನ್ನೂ ಗ್ರಂಥ ಕೊಟ್ಟಿದೆ: ಒಬ್ಬನೇ ಇದ್ದು ಅವನು ಭಿಕ್ಷೆಗೆ ಹೋದರೆ, ನಿದ್ದೆ ಹೋದರೆ, ಕ್ಷಪಕನನ್ನು ತೊರೆದಂತೆ, ಹೋಗದೆ ಕೂತರೆ ತನ್ನನ್ನೇ ತೊರೆದಂತೆ.

ಸಲ್ಲೇಖನ ಒಂದು ವ್ರತ, ಅದನ್ನು ಮನೆಯ ಮುದುಕರ ಆರೈಕೆಗೆ ಹೋಲಿಸುವುದು ಸರಿಯಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಗುರಿ ಬೇರೆ, ನಿಜ. ಆದರೆ ಎದ್ದು ಕೂರಲಾರದ ದೇಹ ವ್ರತದಿಂದ ಹಾಗಾಯಿತೋ ವಯಸ್ಸಿನಿಂದ ಹಾಗಾಯಿತೋ, ಅದಕ್ಕೆ ಬೇಕಾದ ಕೈಗೆಲಸ ಒಂದೇ. ಈ ಗ್ರಂಥದಿಂದ ನಮಗೆ ಸಿಗುವುದು ಎರಡು ಸಂಗತಿ. ಮಲಮೂತ್ರ ತೆಗೆಯುವುದನ್ನು ಸಂಘದ ಪೂಜ್ಯರು, ಗಂಡಸರು, ಸರದಿಯ ಮೇಲೆ ಮಾಡುವ ಕೆಲಸವೆಂದು ಬರೆದಿಟ್ಟ ಪರಂಪರೆ ಈ ಮಣ್ಣಿನಲ್ಲಿತ್ತು. ಒಬ್ಬರೇ ಮಾಡಲಾಗದ ಕೆಲಸವಿದು ಎಂಬ ಅರಿವೂ ಇತ್ತು. ಬಸದಿಯ ಅಂಗಳ ದಾಟಿ ಮನೆಯ ಅಂಗಳಕ್ಕೆ ಬರುವಷ್ಟರಲ್ಲಿ ಈ ಎರಡೂ ಎಲ್ಲೋ ಉದುರಿಹೋದವು.

ಮನೆಯ ಅಂಗಳದಲ್ಲಿ ನಡೆಯುತ್ತಿದ್ದುದು ಅಳಿಯಸಂತಾನದ ಕಟ್ಟು. ಬಂಟರು, ಬಿಲ್ಲವರು, ಇಲ್ಲಿಯ ಜೈನರು ಮತ್ತು ಇನ್ನೂ ಹಲವು ಸಮುದಾಯಗಳು ಇದಕ್ಕೆ ಸೇರಿದವು. ಮಗನನ್ನು ಬಲಿ ಕೊಡಲು ಹೆಂಡತಿ ಒಪ್ಪಲಿಲ್ಲ, ತಂಗಿ ಒಪ್ಪಿದಳು, ಆದ್ದರಿಂದ ರಾಜ್ಯ ಅಳಿಯನಿಗೆ ಎಂಬ ಭೂತಾಳ ಪಾಂಡ್ಯನ ಐತಿಹ್ಯ ಎಲ್ಲರಿಗೂ ಗೊತ್ತು. ಆರೈಕೆಯ ದೃಷ್ಟಿಯಿಂದ ಮುಖ್ಯವಾದದ್ದು ಐತಿಹ್ಯವಲ್ಲ, ಲೆಕ್ಕ. ಆಸ್ತಿ ಕುಟುಂಬದ್ದು, ಎಣಿಕೆ ತಾಯಿಯ ಕಡೆಯಿಂದ, ಯಜಮಾನ ಹಿರಿಯ ಗಂಡಸು, ಕೆಲವೊಮ್ಮೆ ಯಜಮಾನ್ತಿಯಾಗಿ ಹಿರಿಯ ಹೆಂಗಸು. ಮದುವೆಯಾದ ಹೆಂಗಸು ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕು ಇದ್ದದ್ದು ತಾಯಿಮನೆಯಲ್ಲಿ. ಗಂಡ ತೀರಿದರೆ ಅವಳು ಅಲ್ಲಿಗೆ ಮರಳುತ್ತಿದ್ದಳು. ಮರಳುವುದು ಯಾರ ದಯೆಯಿಂದಲೂ ಅಲ್ಲ, ತನ್ನ ಪಾಲಿನ ನೆಲಕ್ಕೆ. ಉಳಿದ ಕಡೆ ವಿಧವೆಯ ಮುಪ್ಪು ಮಗ-ಸೊಸೆಯರ ಮರ್ಜಿಯ ಮೇಲಿದ್ದ ಕಾಲದಲ್ಲಿ ಇಲ್ಲಿಯ ಮುದುಕಿ ಸ್ವಂತ ಹಕ್ಕಿನ ಚಾವಡಿಯಲ್ಲಿ ಮಲಗಿದ್ದಳು, ಸುತ್ತ ಮಗಳು, ಮೊಮ್ಮಗಳು, ತಂಗಿ, ತಂಗಿಯ ಮಗಳು. ಅತ್ತೆ-ಸೊಸೆ ಎಂಬ ಜೋಡಿಗೆ ಹೋಲಿಸಿದರೆ ತಾಯಿ-ಮಗಳು ಎಂಬ ಜೋಡಿ ಮೈ ತೊಳೆಯುವ ಕೆಲಸಕ್ಕೆ ಎಷ್ಟು ಸಲೀಸು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮುದುಕನ ಸ್ಥಿತಿ ಇಷ್ಟು ನೇರವಾಗಿರಲಿಲ್ಲ. ಅವನನ್ನು ನೋಡಿಕೊಳ್ಳುತ್ತಿದ್ದ ಹೆಂಡತಿ-ಮಕ್ಕಳಿಗೆ ಅವನ ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲ. ಪಾಲಿರುವ ಸೋದರಳಿಯಂದಿರು ಅವನನ್ನು ನೋಡಿಕೊಳ್ಳಬೇಕಾದವರು. ಈ ಎಳೆದಾಟದಲ್ಲಿ ಯಾರದೋ ಕೈ ಮುಂದೆ ಬರುತ್ತಿತ್ತು, ಏಕೆಂದರೆ ಬರದಿದ್ದರೆ ಕುಟುಂಬದಲ್ಲಿ ಮಾನ ಹೋಗುತ್ತಿತ್ತು, ಕೆಲವೊಮ್ಮೆ ಗದ್ದೆಯೂ.

ಇದೆಲ್ಲ ಗುತ್ತಿನ ಮನೆಯ, ಅಂದರೆ ನೆಲವುಳ್ಳ ದೊಡ್ಡ ಮನೆತನದ ಕಥೆ, ಊರಿನ ಕಥೆಯಲ್ಲ ಎಂದು ಹೇಳುವವರ ಮಾತಿನಲ್ಲಿ ಸತ್ಯವಿದೆ. ನೆಲ ಇದ್ದವರಿಗೆ ಮಾತ್ರ ನೆಲದ ಹಕ್ಕಿನ ಮುಪ್ಪು ಸಿಗುತ್ತಿತ್ತು. ಚಾಲಗೇಣಿಯ ಒಕ್ಕಲಿಗೆ ಬರುವ ವರ್ಷ ಗದ್ದೆ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಗದ್ದೆಯಾಳುಗಳಾಗಿ ದುಡಿದ ದಲಿತ ಕುಟುಂಬಗಳಲ್ಲಿ ಮೈಯಲ್ಲಿ ಕಸುವಿರುವಷ್ಟು ದಿನವೂ ಕೆಲಸವೇ. ಅದು ಹೋದ ದಿನ ಉಳಿದವರು ಮುದುಕರನ್ನು ಗುಡಿಸಲಲ್ಲಿ ಬಿಟ್ಟು ಕೂಲಿಗೆ ಹೋಗಬೇಕು. ಅಲ್ಲಿ ಪ್ರೀತಿ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಹಗಲಲ್ಲಿ ಪಕ್ಕ ಕೂರುವ ಕೈ ಇರಲಿಲ್ಲ, ಅಷ್ಟೇ. ಹಾಗಾಗಿ ಈ ಆಕ್ಷೇಪ ನನ್ನ ವಾದಕ್ಕೆ ಎದುರಾಗುವ ಬದಲು ಬೆಂಬಲವಾಗಿಯೇ ನಿಲ್ಲುತ್ತದೆ. ಜಾತಿ ಇನ್ನೊಂದು ಪೆಟ್ಟನ್ನೂ ಕೊಟ್ಟಿತು. ಮೈಲಿಗೆಯ ಕಲ್ಪನೆ ಬಲವಾಗಿದ್ದ ಸಮಾಜದಲ್ಲಿ ಇನ್ನೊಬ್ಬರ ಮಲಮೂತ್ರ, ಕೀವು, ಕಫ ಮುಟ್ಟುವುದು ಕೀಳು ಕೆಲಸವಾಯಿತು. ರಕ್ತಸಂಬಂಧಿಯಾದರೆ ಪುಣ್ಯ, ಸಂಬಳಕ್ಕಾದರೆ ಹೇಸಿಗೆ. ಈ ಇಬ್ಬಗೆಯಿಂದಲೇ ದಾದಿಯ ವೃತ್ತಿ ನಮ್ಮಲ್ಲಿ ಅಷ್ಟು ತಡವಾಗಿ, ಅಷ್ಟು ಅನುಮಾನದ ನಡುವೆ ಬೇರೂರಿತು.

ಇನ್ನೊಂದು ಆಕ್ಷೇಪ ಸಂಖ್ಯೆಯದು. ಹಿಂದೆ ಮುದುಕರೇ ಎಷ್ಟಿದ್ದರು ಎಂಬ ಪ್ರಶ್ನೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು. ಈಗ 70ರ ಸುತ್ತ. ಆ ಸರಾಸರಿ ತಗ್ಗಿದ್ದಕ್ಕೆ ಶಿಶುಮರಣ ದೊಡ್ಡ ಕಾರಣ, ಅರುವತ್ತು ದಾಟಿದವರು ಇದ್ದೇ ಇದ್ದರು. ಆದರೂ 1961ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 5.6, 2011ರಲ್ಲಿ ಶೇ. 8.6, ಕರ್ನಾಟಕದಲ್ಲಿ ಅದಕ್ಕಿಂತ ತುಸು ಹೆಚ್ಚು. ಸಂಖ್ಯೆಗಿಂತ ಅವಧಿಯ ವ್ಯತ್ಯಾಸ ದೊಡ್ಡದು. ಪೆನಿಸಿಲಿನ್ ಬರುವ ಮೊದಲು ತೊಡೆಯ ಮೂಳೆ ಮುರಿದು ಮಲಗಿದ ಮುದುಕಿಯನ್ನು ಕೆಲವೇ ವಾರಗಳಲ್ಲಿ ಶ್ವಾಸಕೋಶದ ಸೋಂಕು ಒಯ್ಯುತ್ತಿತ್ತು. ಈಗ ಅದೇ ಮುದುಕಿ ಐದು ವರ್ಷ, ಎಂಟು ವರ್ಷ ಹಾಸಿಗೆಯಲ್ಲಿ ಬದುಕಬಹುದು. ನಮ್ಮ ಹಿರಿಯರು ನೋಡಿಕೊಂಡದ್ದು ಹೆಚ್ಚಾಗಿ ವಾರಗಳ, ತಿಂಗಳುಗಳ ಚಾಕರಿ. ವರ್ಷಗಟ್ಟಲೆಯ ಚಾಕರಿ ಹೊಸದು. ಅದನ್ನು ಹಳೆಯ ಅಳತೆಗೋಲಿನಿಂದ ಅಳೆದು ಇಂದಿನ ಸೊಸೆಯನ್ನು ಕಟಕಟೆಗೆ ನಿಲ್ಲಿಸುವುದು ಅನ್ಯಾಯ.

ಆ ಹಳೆಯ ಮನೆಗಳಲ್ಲಿ ಕೈಗೆಲಸದ ಜ್ಞಾನವೇನೂ ಕಡಿಮೆ ಇರಲಿಲ್ಲ. ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ ಹಿಸುಕಿದ ಗಂಜಿ, ಹಲ್ಲಿಲ್ಲದ ಬಾಯಿಗೂ ನೀರಡಿಕೆ ಮರೆತ ದೇಹಕ್ಕೂ ಒಟ್ಟಿಗೆ ಒದಗುವ ಆಹಾರ. ವಯಸ್ಸಾದವರಿಗೆ ದಾಹ ಗೊತ್ತಾಗುವುದು ತಗ್ಗುತ್ತದೆ ಎಂಬುದನ್ನು ವೈದ್ಯಶಾಸ್ತ್ರ ವಿವರಿಸುವ ಮೊದಲೇ ದಿನಕ್ಕೆರಡು ಸಲ ತಿಳಿಗಂಜಿ ಕುಡಿಸುವ ರೂಢಿ ಇಲ್ಲಿತ್ತು. ಹಂಡೆಯ ಬಿಸಿನೀರು, ಒಣಗಿದ ಚರ್ಮಕ್ಕೆ ತೆಂಗಿನೆಣ್ಣೆ, ಆಟಿಯ ಮಳೆಯಲ್ಲಿ ಒಲೆಯ ಹತ್ತಿರದ ಹಾಸಿಗೆ, ಹೊತ್ತು ಹೊತ್ತಿಗೆ ಬಂದು ಮಾತಾಡಿಸುವ ಮಕ್ಕಳು. ಆದರೆ ಎಲ್ಲವನ್ನೂ ಹೊಗಳಬೇಕಿಲ್ಲ. ಮಲಗಿದಲ್ಲೇ ಬಾಯಿಗೆ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕನಿಷ್ಠ ಬೆನ್ನಿಗೆ ಆಸರೆ ಕೊಟ್ಟು ಎತ್ತಿ ಕೂರಿಸಿ, ನುಂಗಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಇರಿಸಬೇಕು. ಬೆನ್ನಿನ ಕೆಳಗೆ ಕೆಂಪಾದ ಜಾಗವನ್ನು ತಿಕ್ಕಿ ಉಜ್ಜಿದರೆ ಹುಣ್ಣು ಬೇಗ ಬಾಯಿ ಬಿಡುತ್ತದೆ. ಆಸ್ಪತ್ರೆಗಳೂ ಬಹುಕಾಲ ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಉಜ್ಜುತ್ತಲೇ ಇದ್ದವು ಎಂಬುದನ್ನು ಮರೆಯದೆ ಈ ತಪ್ಪನ್ನು ಅಜ್ಜಿಯರ ಮೇಲೆ ಹೊರಿಸಬೇಕು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಟಿಪ್ಪಣಿಗಳನ್ನು ಬರೆದದ್ದು ದಾದಿಯರಿಗಾಗಿ ಅಲ್ಲ, ಮನೆಯ ಹೆಂಗಸರಿಗಾಗಿ. ಹಾಸಿಗೆ ಹುಣ್ಣು ಬಂದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಶುಶ್ರೂಷೆಯದು ಎಂಬುದು ಅವಳ ನಿಲುವು. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರನ್ ಅವರ ಸುಪರ್ದಿಗೆ ಬಡವರ ಆಶ್ರಯಾಲಯದ 714 ರೋಗಿಗಳು ಬಂದರು, ಬಹುಮಂದಿ ವರ್ಷಗಟ್ಟಲೆ ಹಾಸಿಗೆ ಬಿಟ್ಟೇಳದವರು. ಅವರು ಒಬ್ಬೊಬ್ಬರನ್ನೂ ಪರೀಕ್ಷಿಸಿ, ಗುಂಪು ಮಾಡಿ, ಎಬ್ಬಿಸಿ, ನಡೆಸಿ, ಅನೇಕರನ್ನು ಮನೆಗೆ ಕಳುಹಿಸಿದರು. ಮುಪ್ಪೇ ರೋಗವೆಂದು ಕೈಬಿಟ್ಟವರಲ್ಲಿ ಅರ್ಧ ರೋಗ ಹಾಸಿಗೆಯದೇ ಆಗಿತ್ತು. 1962ರಲ್ಲಿ ಡೋರೀನ್ ನಾರ್ಟನ್ ಎಂಬ ದಾದಿ ಸಹೋದ್ಯೋಗಿಗಳೊಡನೆ ನಡೆಸಿದ ಅಧ್ಯಯನದಿಂದ ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಮಾಪನವೊಂದು ಹುಟ್ಟಿತು: ದೇಹಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ, ಈ ಐದಕ್ಕೂ ಅಂಕ, ಇಪ್ಪತ್ತರಲ್ಲಿ ಹದಿನಾಲ್ಕು ಅಥವಾ ಕೆಳಗಿದ್ದರೆ ಎಚ್ಚರ. ಮದ್ದಿಗಿಂತ ಮಗ್ಗುಲು ಬದಲಿಸುವುದೇ ಮುಖ್ಯ ಎಂಬ ತಿಳಿವಳಿಕೆ ಹೀಗೆ ಬೆಳೆಯಿತು. ನಾಲ್ವರು ನಿರ್ಯಾಪಕರನ್ನು ಬರೀ ಮಗ್ಗುಲು ಬದಲಿಸಲೆಂದೇ ನೇಮಿಸಿದ ಗ್ರಂಥಕಾರನಿಗೆ ಇದು ಹೊಸತೆನಿಸುತ್ತಿರಲಿಲ್ಲ.

ಈ ಜ್ಞಾನ ನಮ್ಮ ಜಿಲ್ಲೆಗೆ ವೃತ್ತಿಯ ರೂಪದಲ್ಲಿ ಬಂದದ್ದು ಮಂಗಳೂರಿನ ಮೂಲಕ. ಈಗಿನ ವೆನ್‌ಲಾಕ್ ಆಸ್ಪತ್ರೆಯ ಆರಂಭ 1848ರದ್ದು. 1880ರಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪತಿ ಮದ್ದು ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಹೆಂಗಸರ ಆಸ್ಪತ್ರೆ ಕಟ್ಟಿದರು. ಇವುಗಳಲ್ಲಿ ಮುಲ್ಲರ್ ಅವರ ಕುಷ್ಠಧಾಮ ಆರೈಕೆಯ ಚರಿತ್ರೆಗೆ ವಿಶೇಷ ಮುಖ್ಯ. ಮನೆಯವರೇ ಮುಟ್ಟಲೊಲ್ಲದ ದೇಹಗಳನ್ನು ಸಂಬಂಧವೇ ಇಲ್ಲದವರು ವರ್ಷಗಟ್ಟಲೆ ತೊಳೆದು, ಕಟ್ಟಿ, ಉಣಿಸಿದ ತಾಣವದು. ಆರೈಕೆಗೆ ರಕ್ತಸಂಬಂಧ ಬೇಕಿಲ್ಲ, ಕಲಿಕೆ ಮತ್ತು ಶಿಸ್ತು ಬೇಕು ಎಂಬುದಕ್ಕೆ ಊರ ಕಣ್ಣೆದುರೇ ಸಿಕ್ಕ ಸಾಕ್ಷಿ. ಆದರೂ ದಾದಿಯ ಕೆಲಸಕ್ಕೆ ಮನೆಮಗಳನ್ನು ಕಳುಹಿಸಲು ಕ್ರೈಸ್ತರಲ್ಲದವರು ಬಹುಕಾಲ ಹಿಂಜರಿದರು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಅಂದಿನ ಭಾರತದಲ್ಲಿ 43,000 ಜನರಿಗೆ ಒಬ್ಬ ದಾದಿ. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಮುಂದೆ ಮಂಗಳೂರು, ಮಣಿಪಾಲ, ಮೂಡುಬಿದಿರೆ ಎನ್ನುತ್ತ ನರ್ಸಿಂಗ್ ಕಾಲೇಜುಗಳು ಸಾಲುಗಟ್ಟಿದವು. ಅಲ್ಲಿ ಕಲಿತವರಲ್ಲಿ ಬಹಳಷ್ಟು ಮಂದಿ ಕೊಲ್ಲಿ ದೇಶಗಳಿಗೆ, ಯೂರೋಪಿಗೆ ಹೋದರು. ಕರಾವಳಿಯಲ್ಲಿ ಕಲಿತ ಕೈಗಳು ಪರದೇಶದ ಮುದುಕರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿರುವಾಗ ಇಲ್ಲಿ ಅವರದೇ ತಂದೆತಾಯಿಗೆ ಆ ಕೈ ಇಲ್ಲ. ಇದಕ್ಕೆ ಆ ಹುಡುಗಿಯರನ್ನು ದೂರುವುದು ತಪ್ಪು. ಊರಿನಲ್ಲಿ ಅದೇ ಕೆಲಸಕ್ಕೆ ಬದುಕಲು ಸಾಲುವ ಸಂಬಳವಾಗಲಿ ಮರ್ಯಾದೆಯಾಗಲಿ ಸಿಕ್ಕಿರಲಿಲ್ಲ.

ಅತ್ತ ಮನೆಯೊಳಗಿನ ಏರ್ಪಾಡೂ ಬಿಚ್ಚಿಕೊಳ್ಳುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಕವರುಗಳಿಗೆ, ಅಂದರೆ ತಾಯಿಯ ಕಡೆಯ ಕವಲುಗಳಿಗೆ, ಪಾಲು ಕೇಳುವ ದಾರಿ ತೆರೆಯಿತು. ಅದರಲ್ಲೊಂದು ವಿವರ ನಮ್ಮ ವಿಷಯಕ್ಕೆ ನೇರ ತಾಗುತ್ತದೆ. ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಸಂತತಿ ಕವರು ಜೊತೆಗಿದ್ದಾಗ ನಿಸ್ಸಂತತಿ ಕವರಿಗೆ ಸಿಗುವುದು ಜೀವಾವಧಿಯ ಹಕ್ಕು ಮಾತ್ರ. ಅಂದರೆ ಮುದುಕ ಮುದುಕಿಯರಷ್ಟೇ ಉಳಿದ ಕವಲಿಗೆ ಅನ್ನ ಇದೆ, ಮಾರುವ ಅಧಿಕಾರ ಇಲ್ಲ. ಅವರ ಕಾಲಾನಂತರ ನೆಲ ಮರಳಿ ಕುಟುಂಬಕ್ಕೆ. ಮುಪ್ಪಿಗೂ ಆಸ್ತಿಗೂ ಇದ್ದ ಹಳೆಯ ಕೊಂಡಿಯನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಾನೂನು ಸಿಗುವುದು ಕಷ್ಟ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳ ಕಡೆ ಹರಿಯತೊಡಗಿತು. ನ್ಯಾಯವೇ ಸರಿ, ಆದರೆ ಸೋದರಳಿಯನ ಹೊಣೆಗಿದ್ದ ನೆಲಗಟ್ಟು ಜಾರಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಉಳುವವನದಾಯಿತು. ಅದು ಈ ಜಿಲ್ಲೆ ಕಂಡ ದೊಡ್ಡ ನ್ಯಾಯಗಳಲ್ಲಿ ಒಂದು, ಒಕ್ಕಲಿನ ಮುದುಕನಿಗೆ ಮೊದಲ ಬಾರಿ ಸ್ವಂತ ಜಗಲಿ ಸಿಕ್ಕಿತು. ಅದೇ ಹೊತ್ತಿಗೆ ಗುತ್ತಿನ ಮನೆಗಳಲ್ಲಿ ಹತ್ತು ಹೊಟ್ಟೆ ಒಟ್ಟಿಗಿರಲು ಇದ್ದ ಕಾರಣ ಮುಗಿಯಿತು. ದುಡಿಯುವವರು ಊರು ಬಿಟ್ಟರು: ಮೊದಲು ಮುಂಬಯಿಯ ಹೋಟೆಲುಗಳು, ಆಮೇಲೆ ಕೊಲ್ಲಿ, ಆಮೇಲೆ ಬೆಂಗಳೂರು.

ಊರಲ್ಲಿ ಉಳಿದ ಹೆಂಗಸಿನ ಕೈಗೆ ಬಂದದ್ದು ಬೀಡಿ. ಬಂಟ್ವಾಳ, ಬೆಳ್ತಂಗಡಿಯ ಮನೆಮನೆಗಳಲ್ಲಿ ಮಡಿಲ ಮೇಲೆ ಗೆರಸೆಯಿಟ್ಟು ಬೀಡಿ ಕಟ್ಟುವ ಕೆಲಸ ಸಾವಿರದ ಲೆಕ್ಕದ್ದು. ಮನೆಯಲ್ಲೇ ಕೂತು ಮಾಡಬಹುದಾದ್ದರಿಂದ ಮಲಗಿದ ಅತ್ತೆಯ ಪಕ್ಕದಲ್ಲೇ ಇರಬಹುದು ಎಂಬುದು ಅದರ ಅನುಕೂಲ. ಅದೇ ಅದರ ಇಕ್ಕಟ್ಟು ಕೂಡ, ಏಕೆಂದರೆ ಒಮ್ಮೆ ಎದ್ದು ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಕೈ ತೊಳೆದು ಬಂದು ಕೂರುವಷ್ಟರಲ್ಲಿ ಎಷ್ಟು ಬೀಡಿ ತಪ್ಪಿತೆಂಬುದು ಅವಳಿಗೆ ಗೊತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಅವಳನ್ನು ಕಾರ್ಮಿಕಳೆಂದು ಗುರುತಿಸಿತು. ಅದೇ ಜಗಲಿಯಲ್ಲಿ ಅವಳು ಮಾಡುವ ಎರಡನೆಯ ಕೆಲಸವನ್ನು ಯಾವ ಕಾಯ್ದೆಯೂ ಕೆಲಸವೆಂದು ಇನ್ನೂ ಎಣಿಸಿಲ್ಲ. ನಲವತ್ತೆಂಟು ಜನರ ಪಟ್ಟಿ ಇಳಿಯುತ್ತ ಬಂದು, ಸಲ್ಲದೆಂದು ಗ್ರಂಥ ಹೇಳಿದ ಒಬ್ಬರಿಗೆ ನಿಂತ ಜಾಗವಿದು.

2007ರಲ್ಲಿ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿದೆ, ಮಕ್ಕಳನ್ನು ಹೊಣೆಗಾರರನ್ನಾಗಿ ಮಾಡಿದೆ, ಇನ್ನೇನು ಬೇಕು ಎಂದು ಕೇಳಬಹುದು. ಅದರ 23ನೆಯ ಕಲಮು ಸ್ವಾರಸ್ಯಕರ. ತನ್ನ ಮೂಲಭೂತ ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರ ರದ್ದಾಗಬಹುದು. ಮಕ್ಕಳಿಲ್ಲದವರ ಪೋಷಣೆಯ ಹೊಣೆಯನ್ನು ಅವರ ಆಸ್ತಿ ಪಡೆಯಲಿರುವ ಬಂಧುವಿನ ಮೇಲೆ ಹಾಕಿದ್ದೂ ಇದೇ ಕಾಯ್ದೆ. ಅಳಿಯಸಂತಾನ ಹಿಂಬಾಗಿಲಿನಿಂದ ಮರಳಿ ಬಂದಂತೆ ಇದೆ. ಆದರೂ ನ್ಯಾಯಮಂಡಳಿ ಕೊಡಿಸಬಲ್ಲದ್ದು ತಿಂಗಳಿಗೆ ಇಷ್ಟು ಎಂಬ ಹಣ. ಮೂಲ ಕಾಯ್ದೆಯಲ್ಲಿ ಅದರ ಮಿತಿ 10,000 ರೂಪಾಯಿ. ಹಣದಿಂದ 'ಹೋಂ ನರ್ಸ್' ಬರುತ್ತಾಳೆ. ಹೆಸರಿನಲ್ಲಿ ನರ್ಸ್ ಇದ್ದರೂ ಹೆಚ್ಚಿನವರು ಯಾವ ತರಬೇತಿಯೂ ಇಲ್ಲದ ಬಡ ಹುಡುಗಿಯರು, ಒಂಟಿ ಮನೆಯಲ್ಲಿ ಹಗಲೂ ರಾತ್ರಿ ಒಬ್ಬರೇ. ಸೊಸೆಯ ಏಕಾಂಗಿತನವನ್ನು ಬಾಡಿಗೆಗೆ ವರ್ಗಾಯಿಸಿದ್ದೇವೆ. ವೃದ್ಧಾಶ್ರಮವನ್ನು ಪಾಪವೆಂದು ಬೈಯುವವರಿಗೂ ಒಂದು ಮಾತು: ಅಲ್ಲಿ ರಾತ್ರಿ ಪಾಳಿಗೆ ಕಲಿತ ಇಬ್ಬರಿದ್ದರೆ, ಆ ಒಂದು ಲೆಕ್ಕದಲ್ಲಿ ಅದು ಒಬ್ಬಳೇ ಇರುವ ಮನೆಗಿಂತ ಹಳೆಯ ಕಟ್ಟಿಗೆ ಹತ್ತಿರ.

ವಾಮದಪದವಿನಲ್ಲಿ ಸರ್ಕಾರದ ಸಮುದಾಯ ಆರೋಗ್ಯ ಕೇಂದ್ರವಿದೆ. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯ ಪ್ರಕಾರ ಇಂಥ ಕೇಂದ್ರಗಳಲ್ಲಿ ವಾರಕ್ಕೆರಡು ದಿನ ಹಿರಿಯರ ಚಿಕಿತ್ಸಾಲಯ ನಡೆಯಬೇಕು, ಹಾಸಿಗೆ ಹಿಡಿದವರ ಮನೆಗೆ ಸಿಬ್ಬಂದಿ ಹೋಗಬೇಕು, ಮನೆಯವರಿಗೆ ಆರೈಕೆಯ ಕ್ರಮ ಹೇಳಿಕೊಡಬೇಕು. ಕೊನೆಯ ಈ ಅಂಶವನ್ನು ಕೇಳಿ ಪಡೆಯುವುದು ರೂಢಿಯಾಗಿಲ್ಲ. ಕೇಳದೆ ಬರುವ ವಸ್ತುವೂ ಅದಲ್ಲ. ನಿಮ್ಮ ಮನೆಯಲ್ಲಿ ಮಲಗಿದವರಿದ್ದರೆ ಮಾತ್ರೆಯ ಚೀಟಿಯ ಜೊತೆಗೆ ಇದನ್ನೂ ಕೇಳಿ: ಮಗ್ಗುಲು ತಿರುಗಿಸುವುದು ಹೇಗೆ, ಕೂರಿಸಿ ಉಣಿಸುವುದು ಹೇಗೆ, ಬೆನ್ನಿನ ಚರ್ಮದಲ್ಲಿ ಏನು ನೋಡಬೇಕು, ಒಮ್ಮೆ ಮಾಡಿ ತೋರಿಸಿ ಎಂದು. ಕಲಿಯಲು ಮನೆಯಿಂದ ಇಬ್ಬರು ಹೋಗಿ. ಅವರಲ್ಲಿ ಒಬ್ಬ ಗಂಡಸಾಗಿರಲಿ.